ವಿಲ್, ಜಿಪಿಎ, ಲಿವಿಂಗ್ ವಿಲ್: ಐಸಿಯು ಬಾಗಿಲಲ್ಲಿ ಯಾವ ಕಾಗದ ನಡೆಯುತ್ತದೆ?

ನಮ್ಮ ದೊಡ್ಡಪ್ಪ ಲೆಕ್ಕಾಚಾರದ ಮನುಷ್ಯ. ಮನೆ, ತೋಟ, ಬ್ಯಾಂಕಿನ ಠೇವಣಿ ಎಲ್ಲಕ್ಕೂ ವಿಲ್ ಬರೆದಿಟ್ಟಿದ್ದರು. ಕೈಕಾಲು ಆಡದೆ ಹೋದರೆ ಇರಲಿ ಅಂತ ದೊಡ್ಡ ಮಗನ ಹೆಸರಿಗೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಕೂಡ ಮಾಡಿಸಿದ್ದರು. ಮೆದುಳಿನಲ್ಲಿ ರಕ್ತಸ್ರಾವವಾಗಿ ಐಸಿಯು ಸೇರಿದ ದಿನ ಅಣ್ಣ ಆ ಫೈಲನ್ನೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಎರಡೂ ಕಾಗದ ಅಲ್ಲಿ ಕೆಲಸಕ್ಕೆ ಬರಲಿಲ್ಲ. "ನನ್ನನ್ನು ಮೆಷಿನ್ನಿಗೆ ಕಟ್ಟಿ ಮಲಗಿಸಬೇಡಿ" ಅಂತ ದೊಡ್ಡಪ್ಪ ಊಟಕ್ಕೆ ಕೂತಾಗ ಹತ್ತಾರು ಸಲ ಹೇಳಿದ್ದು ನಮಗೆಲ್ಲ ನೆನಪಿತ್ತು. ಆದರೆ ಬರೆದಿಟ್ಟಿರಲಿಲ್ಲ. ಮೂವರು ಮಕ್ಕಳಲ್ಲಿ ಇಬ್ಬರು ಒಂದು ಹೇಳಿದರು, ಮೂರನೆಯವಳು ಇನ್ನೊಂದು ಹೇಳಿದಳು, ವೈದ್ಯರು ಎರಡೂ ಕಡೆಯ ಮಾತನ್ನು ಕೇಳಿಸಿಕೊಂಡು ಚಿಕಿತ್ಸೆ ಮುಂದುವರಿಸಿದರು. ಇಪ್ಪತ್ತಮೂರು ದಿನ ಹಾಗೇ ನಡೆಯಿತು.

ಅದಾದ ಮೇಲೆ ನಾನು ಈ ವಿಷಯವನ್ನು ಬಿಡದೆ ಓದಿದೆ. ನನ್ನದೊಂದು ಲಿವಿಂಗ್ ವಿಲ್ ಮಾಡಿದೆ, ಅಮ್ಮನದೊಂದು ಮಾಡಿಸಿದೆ. ನಾವೇ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವ ಕಾಗದ ಅದು. ಯಾವ ಕಾಗದ ಯಾವುದಕ್ಕೆ, ಯಾವುದು ನಡೆಯುವುದಿಲ್ಲ ಅಂತ ಮನೆಮಂದಿಗೆ ಪದೇ ಪದೇ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ವಿಲ್ ಮತ್ತು ಜಿಪಿಎ ಯಾಕೆ ಸಾಲುವುದಿಲ್ಲ

ವಿಲ್ ವಿಷಯ ಸುಲಭ. ಅದಕ್ಕೆ ಜೀವ ಬರುವುದೇ ಬರೆದವರು ತೀರಿಕೊಂಡ ಮೇಲೆ. ಐಸಿಯುನಲ್ಲಿ ಮಲಗಿರುವವರು ಬದುಕಿದ್ದಾರೆ. "ನನಗೆ ವೆಂಟಿಲೇಟರ್ ಬೇಡ" ಅಂತ ವಿಲ್ ಒಳಗೆ ಬರೆದರೂ ಅದನ್ನು ತೆಗೆದು ಓದುವ ಹೊತ್ತಿಗೆ ಕಾಲ ಮೀರಿರುತ್ತದೆ. ಲಿವಿಂಗ್ ವಿಲ್ ಅನ್ನುವ ಹೆಸರಿನಲ್ಲಿ ವಿಲ್ ಅಂತ ಇದೆ ಅಷ್ಟೇ, ಆಸ್ತಿಗೂ ಅದಕ್ಕೂ ಸಂಬಂಧವಿಲ್ಲ.

ಜಿಪಿಎ ಬಗ್ಗೆ ಮಾತ್ರ ಜನರಿಗೆ ದೊಡ್ಡ ತಪ್ಪು ಕಲ್ಪನೆ ಇದೆ. ಓದಿದವರು, ವ್ಯವಹಾರ ಗೊತ್ತಿದ್ದವರು ಕೂಡ ಇಲ್ಲಿ ಎಡವುತ್ತಾರೆ. ನಮ್ಮ ದೇಶದಲ್ಲಿ ಜಿಪಿಎ ಅಂದರೆ ನನ್ನ ಪರವಾಗಿ ವ್ಯವಹಾರ ಮಾಡಲು ಒಬ್ಬರಿಗೆ ಕೊಡುವ ಅಧಿಕಾರ. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಅಧಿಕಾರ ಕೊಟ್ಟವರು ತೀರಿಕೊಂಡರೆ ಅಥವಾ ಅವರ ಬುದ್ಧಿ ಸ್ಥಿಮಿತದಲ್ಲಿ ಇಲ್ಲದಂತಾದರೆ ಆ ಅಧಿಕಾರ ಅಲ್ಲಿಗೇ ಮುಗಿಯಿತು. ಅಂದರೆ ನಮಗೆ ಅದು ಅತಿ ಜಾಸ್ತಿ ಬೇಕಾಗುವ ಹೊತ್ತಿನಲ್ಲೇ ಅದು ಇಲ್ಲವಾಗುತ್ತದೆ. ಬೇರೆ ಕೆಲವು ದೇಶಗಳಲ್ಲಿ ಪ್ರಜ್ಞೆ ಹೋದ ಮೇಲೂ ಉಳಿಯುವ ಪವರ್ ಆಫ್ ಅಟಾರ್ನಿ ಇದೆ. ಅಲ್ಲಿ ನೆಲೆಸಿರುವ ಮಕ್ಕಳು ಅದನ್ನೇ ಇಲ್ಲಿಯೂ ಮಾಡಿಸಿ ಅಂತ ಅಪ್ಪ ಅಮ್ಮನಿಗೆ ಹೇಳುತ್ತಾರೆ. ಇಲ್ಲಿ ಅದು ನಡೆಯುವುದಿಲ್ಲ. ಕೋಮಾದಲ್ಲಿರುವವರ ಹಣಕಾಸು ನೋಡಿಕೊಳ್ಳಲು ಕೂಡ ಮನೆಯವರು ಹೈಕೋರ್ಟಿಗೆ ಹೋಗಿ ಪಾಲಕರನ್ನು ನೇಮಿಸಿಕೊಳ್ಳಬೇಕಾಗಿ ಬಂದ ಉದಾಹರಣೆಗಳಿವೆ.

ಜಿಪಿಎ ಮಾಡಿಸಬೇಡಿ ಅಂತ ಹೇಳುತ್ತಿಲ್ಲ. ಪ್ರಜ್ಞೆ ಇದ್ದು ಓಡಾಡಲಾಗದ ಸ್ಥಿತಿಗೆ ಅದು ಬಹಳ ಉಪಯೋಗ. ಚಿಕಿತ್ಸೆಯ ವಿಷಯಕ್ಕೆ ಅದನ್ನು ನಂಬಬೇಡಿ ಅಷ್ಟೇ.

ಏನೂ ಬರೆಯದೆ ಇದ್ದರೆ ಏನಾಗುತ್ತದೆ

ಇದೂ ಒಂದು ಆಯ್ಕೆಯೇ. ಬಹಳಷ್ಟು ಜನ ಗೊತ್ತಿಲ್ಲದೆ ಇದನ್ನೇ ಆರಿಸಿಕೊಂಡಿರುತ್ತಾರೆ.

ಕಾಗದ ಇಲ್ಲದಿದ್ದರೆ ವೆಂಟಿಲೇಟರ್ ತೆಗೆಯಲು ಆಗುವುದೇ ಇಲ್ಲ ಅಂತ ಕೆಲವರು ಹೆದರಿಸುತ್ತಾರೆ. ಅದು ಸರಿಯಲ್ಲ. ವಾಸಿಯಾಗುವ ಭರವಸೆ ಇಲ್ಲ ಅಂತ ವೈದ್ಯರಿಗೆ ಅನ್ನಿಸಿದರೆ ಆಸ್ಪತ್ರೆಯೇ ಒಂದು ವೈದ್ಯಕೀಯ ಮಂಡಳಿ ಮಾಡಿ, ಮನೆಯವರ ಜೊತೆ ಮಾತಾಡಿ, ಅವರ ಲಿಖಿತ ಒಪ್ಪಿಗೆ ಪಡೆದು, ಎರಡನೇ ಮಂಡಳಿಯೂ ಒಪ್ಪಿದ ಮೇಲೆ ಚಿಕಿತ್ಸೆ ಹಿಂತೆಗೆದುಕೊಳ್ಳುವ ದಾರಿಯನ್ನು ಸುಪ್ರೀಂ ಕೋರ್ಟ್ ಕೊಟ್ಟಿದೆ. ತೊಂದರೆ ಎಲ್ಲಿ ಅಂದರೆ, ಆ ಒಪ್ಪಿಗೆ ಮನೆಯವರದ್ದು, ನಿಮ್ಮದಲ್ಲ. ಮನೆಯವರು ಒಂದೇ ಮನಸ್ಸಿನಲ್ಲಿದ್ದರೆ ಸರಿ. ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ವೆಂಟಿಲೇಟರ್ ತೆಗೆಯುವುದು ಬೇಡ ಅಂದ ಮಗಳಿಗೂ ಅಪ್ಪನ ಮೇಲೆ ಪ್ರೀತಿಯೇ ಇದ್ದದ್ದು, ಆದರೆ "ಅಪ್ಪನನ್ನು ನಾನೇ ಕೊಂದೆ ಅಂತ ಆಗಬಾರದು" ಅನ್ನುವ ಭಯ ಅವಳಿಗೆ. ಅಪ್ಪನ ಸಹಿ ಇರುವ ಒಂದು ಹಾಳೆ ಇದ್ದಿದ್ದರೆ ಆ ಭಾರ ಅವಳ ಮೇಲೆ ಬೀಳುತ್ತಿರಲಿಲ್ಲ ಅಲ್ವಾ?

ಕೆಲವು ಮನೆಗಳಲ್ಲಿ ವೈದ್ಯರ ಸಲಹೆಗೆ ವಿರುದ್ಧವಾಗಿ ಡಿಸ್ಚಾರ್ಜ್ ಮಾಡಿಸಿಕೊಂಡು ಮನೆಗೆ ಕರೆದುಕೊಂಡು ಹೋಗುತ್ತಾರೆ. ಆಸ್ಪತ್ರೆಯಿಂದ ಹೊರಬಂದ ಮೇಲೆ ನೋವು ಕಡಿಮೆ ಮಾಡುವ ಔಷಧಿ ಕೂಡ ಸಿಗದೆ ಒದ್ದಾಡುವ ಸ್ಥಿತಿ ಬರಬಹುದು. ಎಲ್ಲ ಆಯ್ಕೆಗಳಲ್ಲಿ ನನಗೆ ಅತ್ಯಂತ ಬೇಸರ ತರುವುದು ಇದು.

ಇನ್ನು ಬಾಯಲ್ಲಿ ಹೇಳಿಡುವುದು, ಮೊಬೈಲಿನಲ್ಲಿ ವಿಡಿಯೊ ಮಾಡಿಡುವುದು. ಮನೆಯವರಿಗೆ ಧೈರ್ಯ ಕೊಡಲು ಇವು ಒಳ್ಳೆಯದು. ಆದರೆ ಕೋರ್ಟ್ ಹೇಳಿರುವುದು ಬರಹದಲ್ಲಿರಬೇಕು ಅಂತ. ವಿಡಿಯೊವನ್ನು ಕಾಗದದ ಜೊತೆಗೆ ಇಡಿ, ಕಾಗದದ ಬದಲಿಗೆ ಬೇಡ.

ಲಿವಿಂಗ್ ವಿಲ್‌ಗೆ ಕಾನೂನು ಕೇಳುವುದು ಏನು

ಇದರ ಹಿಂದೆ ಒಬ್ಬ ಕನ್ನಡನಾಡಿನ ಹೆಣ್ಣುಮಗಳ ಕಥೆಯೂ ಇದೆ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಅವರ ಮೇಲೆ ಆದ ಹಲ್ಲೆಯಿಂದ ಮೆದುಳಿಗೆ ಪೆಟ್ಟಾಗಿ, 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಅದೇ ಸ್ಥಿತಿಯಲ್ಲಿ ಇದ್ದರು. ಅವರ ಪ್ರಕರಣದಲ್ಲಿ 2011ರಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು, ಹೈಕೋರ್ಟ್ ಅನುಮತಿ ಇದ್ದರೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಅಂತ ಮೊದಲ ಸಲ ಹೇಳಿತು. ಆಮೇಲೆ 2018ರ ಮಾರ್ಚ್ 9ರಂದು ಕಾಮನ್ ಕಾಸ್ ಅನ್ನುವ ಸಂಸ್ಥೆ ಹಾಕಿದ್ದ ಪ್ರಕರಣದಲ್ಲಿ ಅದೇ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿ, ಲಿವಿಂಗ್ ವಿಲ್‌ಗೆ ದಾರಿ ಮಾಡಿತು. ಆದರೆ ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಸುಮ್ನೆ ಒಂದು ಕಾಗದಕ್ಕೆ ಕೋರ್ಟ್ ಅಲೆಯುವವರು ಯಾರು? 2023ರ ಜನವರಿ 24ರಂದು ಸುಪ್ರೀಂ ಕೋರ್ಟ್ ಆ ನಿಯಮವನ್ನು ಸಡಿಲಿಸಿತು. 2025ರ ಜನವರಿ ಕೊನೆಯಲ್ಲಿ ಕರ್ನಾಟಕ ಆರೋಗ್ಯ ಇಲಾಖೆ ಇದನ್ನು ರಾಜ್ಯದಲ್ಲಿ ಜಾರಿ ಮಾಡಲು ಸುತ್ತೋಲೆ ಹೊರಡಿಸಿತು. ಅದರಲ್ಲಿ ಇದಕ್ಕೆ ಮುಂಗಡ ವೈದ್ಯಕೀಯ ನಿರ್ದೇಶನ ಅನ್ನುವ ಅರ್ಥದ ಹೆಸರಿದೆ. ಲಿವಿಂಗ್ ವಿಲ್ ಅಂದರೂ ಅದೇ.

ಈಗ ಬೇಕಾಗುವುದು ಇಷ್ಟು. ಬರೆಯುವವರಿಗೆ 18 ತುಂಬಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು, ಯಾರ ಒತ್ತಾಯವೂ ಇರಬಾರದು. ಬರಹದಲ್ಲಿ ಇರಬೇಕು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಬೇಕು, ಸಾಕ್ಷಿಗಳು ಆದಷ್ಟೂ ಹೊರಗಿನವರಾಗಿರಬೇಕು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಅದನ್ನು ದೃಢೀಕರಿಸಬೇಕು. ನೀವು ಮಾತಾಡಲಾಗದ ಸ್ಥಿತಿಯಲ್ಲಿ ನಿಮ್ಮ ಪರವಾಗಿ ಒಪ್ಪಿಗೆ ಕೊಡುವವರ ಹೆಸರು ಇರಬೇಕು. ಯಾವಾಗ ಬೇಕಾದರೂ ಇದನ್ನು ಹಿಂತೆಗೆದುಕೊಳ್ಳಬಹುದು ಅನ್ನುವ ಮಾತೂ ಇರಬೇಕು. ಸ್ಟ್ಯಾಂಪ್ ಪೇಪರ್ ಬೇಕು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು, ಇಂಗ್ಲಿಷಿನಲ್ಲೇ ಇರಬೇಕು ಅಂತ ಕೋರ್ಟ್ ಎಲ್ಲೂ ಹೇಳಿಲ್ಲ. ಅಮ್ಮನದ್ದನ್ನು ಕನ್ನಡದಲ್ಲೇ ಬರೆದೆವು, ಓದಿ ಅರ್ಥವಾದ ಮೇಲೆ ಸಹಿ ಹಾಕಿದರು. ಜೊತೆಗೆ ಇಂಗ್ಲಿಷ್ ಪ್ರತಿಯನ್ನೂ ಸೇರಿಸಿದೆವು, ಹೊರ ರಾಜ್ಯದ ವೈದ್ಯರೂ ನೋಡಬೇಕಾಗಿ ಬರಬಹುದು ಅಂತ.

ಒಂದು ಎಚ್ಚರ. ಅಂತರ್ಜಾಲದಲ್ಲಿ ಸಿಗುವ ಕೆಲವು ನಮೂನೆಗಳಲ್ಲಿ ಇನ್ನೂ ಮ್ಯಾಜಿಸ್ಟ್ರೇಟರ ಸಹಿಗೆ ಜಾಗ ಇದೆ. ಅದು 2018ರ ನಿಯಮ. ಅಂಥದ್ದು ಕಂಡರೆ ಬೇರೆ ನಮೂನೆ ಹುಡುಕಿ.

ನೋಟರಿನಾ, ಗೆಜೆಟೆಡ್ ಅಧಿಕಾರಿನಾ?

ಕಾನೂನಿನ ಕಣ್ಣಿಗೆ ಎರಡೂ ಒಂದೇ. ಅನುಕೂಲದಲ್ಲಿ ವ್ಯತ್ಯಾಸ ಇದೆ.

ನೋಟರಿ ಸುಲಭವಾಗಿ ಸಿಗುತ್ತಾರೆ, ಕೋರ್ಟ್ ಸುತ್ತಮುತ್ತ ಹೋದರೆ ಸಾಕು. ಹಣ ಕೊಡಬೇಕು. ಅವರು ತಮ್ಮ ರಿಜಿಸ್ಟರಿನಲ್ಲಿ ದಾಖಲೆ ಇಡುತ್ತಾರೆ, ಮುಂದೆ ಯಾರಾದರೂ ಸಹಿಯನ್ನೇ ಪ್ರಶ್ನಿಸಿದರೆ ಅದೊಂದು ಆಧಾರ. ಆದರೆ ಕೆಲವು ನೋಟರಿಗಳು ಕಾಗದ ಓದದೆ ಸೀಲ್ ಒತ್ತಿ ಕೊಡುತ್ತಾರೆ. ಇಲ್ಲಿ ಅದು ಸಾಲದು. ಬರೆದವರು ಸ್ವಇಚ್ಛೆಯಿಂದ, ಒತ್ತಡ ಇಲ್ಲದೆ, ಪರಿಣಾಮ ಅರ್ಥಮಾಡಿಕೊಂಡು ಸಹಿ ಹಾಕಿದ್ದಾರೆ ಅಂತ ತಮಗೆ ಮನವರಿಕೆಯಾಗಿದೆ ಎಂದು ಸಾಕ್ಷಿಗಳೂ ದೃಢೀಕರಿಸುವವರೂ ದಾಖಲಿಸಬೇಕು. ಆ ವಾಕ್ಯವನ್ನು ನೀವೇ ಮೊದಲೇ ಟೈಪ್ ಮಾಡಿಸಿಕೊಂಡು ಹೋಗಿ.

ಗೆಜೆಟೆಡ್ ಅಧಿಕಾರಿ ಅಂದರೆ ತಹಶೀಲ್ದಾರ್, ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿ, ಸರ್ಕಾರಿ ಕಾಲೇಜಿನ ಪ್ರಾಧ್ಯಾಪಕರು, ಹೀಗೆ. ದುಡ್ಡು ಖರ್ಚಾಗುವುದಿಲ್ಲ. ಹಳ್ಳಿಯಲ್ಲಿರುವವರಿಗೆ, ಹಾಸಿಗೆ ಹಿಡಿದವರಿಗೆ, ಮನೆಗೆ ಬಂದು ನೋಡಬಲ್ಲ ಪರಿಚಯದ ವೈದ್ಯಾಧಿಕಾರಿ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ತೊಡಕು ಏನೆಂದರೆ, ಬಹಳಷ್ಟು ಅಧಿಕಾರಿಗಳಿಗೆ ತಮಗೆ ಈ ಅಧಿಕಾರ ಇದೆ ಅಂತಲೇ ಗೊತ್ತಿಲ್ಲ. "ದಯಾಮರಣ" ಅನ್ನುವ ಮಾತು ಕಿವಿಗೆ ಬಿದ್ದರೆ ಹಿಂಜರಿಯುತ್ತಾರೆ. ನಾನು ಮೊದಲು ಹೋದ ಕಚೇರಿಯಲ್ಲಿ ಹಾಗೇ ಆಯಿತು, ಕಾಗದ ಮುಟ್ಟಲಿಲ್ಲ. ಎರಡನೇ ಸಲ 2023ರ ಆದೇಶದ ಪುಟಗಳನ್ನೂ ರಾಜ್ಯದ ಸುತ್ತೋಲೆಯನ್ನೂ ಪ್ರಿಂಟ್ ಮಾಡಿಕೊಂಡು ಬೇರೆ ಅಧಿಕಾರಿಯ ಹತ್ತಿರ ಹೋದೆ. ಹತ್ತು ನಿಮಿಷದಲ್ಲಿ ಮುಗಿಯಿತು.

ನನ್ನ ಅಭಿಪ್ರಾಯ ಕೇಳಿದರೆ, ಮನೆಯಲ್ಲಿ ಆಸ್ತಿ ತಕರಾರು ಇದ್ದರೆ, ಮುಂದೆ ಯಾರಾದರೂ ಕೋರ್ಟಿಗೆ ಹೋಗಬಹುದು ಅನ್ನಿಸಿದರೆ ನೋಟರಿ ಕಡೆ ಹೋಗಿ. ಉಳಿದವರಿಗೆ ಗೆಜೆಟೆಡ್ ಅಧಿಕಾರಿ ಸಾಕು.

ಯಾರ ಹೆಸರು ಬರೆಯಬೇಕು

ಇಲ್ಲಿ ಸ್ವಲ್ಪ ನಿಧಾನಿಸಿ. ಸಹಿ, ಸೀಲು ಎಲ್ಲ ಒಂದು ದಿನದ ಕೆಲಸ. ಇದಕ್ಕೆ ನನಗೆ ಮೂರು ತಿಂಗಳು ಬೇಕಾಯಿತು.

ಕರ್ನಾಟಕದ ಸುತ್ತೋಲೆ ಕನಿಷ್ಠ ಇಬ್ಬರ ಹೆಸರು ಕೇಳುತ್ತದೆ. ನಾವು ಸಾಮಾನ್ಯವಾಗಿ ಹಿರಿಮಗ ಅಥವಾ ಗಂಡ, ಹೆಂಡತಿ ಅಂತ ಬರೆದುಬಿಡುತ್ತೇವೆ. ಹಿರಿಮಗ ಅನ್ನುವುದು ಶ್ರಾದ್ಧಕ್ಕೆ ಸರಿ, ಇದಕ್ಕೆ ಬೇರೆಯೇ ಗುಣ ಬೇಕು. ಆ ವ್ಯಕ್ತಿ ನಿಮ್ಮ ಮಾತನ್ನು ತನ್ನ ಆಸೆಗಿಂತ ಮೇಲೆ ಇಡಬಲ್ಲರಾ? ನೆಂಟರು ಕಾರಿಡಾರಿನಲ್ಲಿ ನಿಂತು ಬೈದರೂ ಗಟ್ಟಿಯಾಗಿ ನಿಲ್ಲಬಲ್ಲರಾ? ರಾತ್ರಿ ಎರಡು ಗಂಟೆಗೆ ಫೋನ್ ಎತ್ತುತ್ತಾರಾ? ಅತಿ ಪ್ರೀತಿಸುವವರು ಎಷ್ಟೋ ಸಲ ಇದಕ್ಕೆ ಸರಿಯಾದವರಲ್ಲ, ಯಾಕೆಂದರೆ ಬಿಟ್ಟುಕೊಡಲು ಅವರಿಂದ ಆಗುವುದಿಲ್ಲ. ಅದು ಅವರ ತಪ್ಪಲ್ಲ.

ಅಮ್ಮ ನನ್ನ ಹೆಸರು ಬರೆಯುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಅವರು ಮೊದಲ ಹೆಸರಾಗಿ ತಮ್ಮ ತಂಗಿಯನ್ನು ಬರೆದರು. "ನೀನು ಅಳುತ್ತಾ ಕೂರುತ್ತೀಯ, ಅವಳು ಕೆಲಸ ಮುಗಿಸಿ ಅಳುತ್ತಾಳೆ" ಅಂದರು. ಒಂದು ಕ್ಷಣ ಮನಸ್ಸಿಗೆ ನೋವಾಯಿತು. ಆದರೆ ಅವರು ಹೇಳಿದ್ದು ಸರಿಯಾಗಿತ್ತು.

ಹೆಸರು ಬರೆಯುವ ಮೊದಲು ಅವರನ್ನೇ ಕೇಳಿ, ಒಪ್ಪಿಗೆಯ ಸಹಿಯನ್ನೂ ಹಾಕಿಸಿಕೊಳ್ಳಿ. ಸಾಕ್ಷಿಗಳಾಗಿ ಇದೇ ಇಬ್ಬರನ್ನು ಇಟ್ಟುಕೊಳ್ಳಬೇಡಿ. ನಿಮ್ಮ ಆಸ್ತಿಯಲ್ಲಿ ಪಾಲು ಬರುವವರೂ ಸಾಕ್ಷಿಯಾಗದಿದ್ದರೆ ಒಳ್ಳೆಯದು. ಅಕ್ಕಪಕ್ಕದ ಮನೆಯವರು, ಹಳೆಯ ಸಹೋದ್ಯೋಗಿ, ಇಂಥವರು ಸರಿ.

ಏನು ಬರೆಯಬೇಕು

"ಕೊನೆಗಾಲದಲ್ಲಿ ಹೆಚ್ಚು ತೊಂದರೆ ಕೊಡಬೇಡಿ." ಇದು ಮನಸ್ಸಿನ ಮಾತು, ಆದರೆ ನಿರ್ದೇಶನ ಅಲ್ಲ. ಕಾಗದ ಸ್ಪಷ್ಟವಾಗಿಲ್ಲದಿದ್ದರೆ ವೈದ್ಯಕೀಯ ಮಂಡಳಿ ಅದನ್ನು ಪಾಲಿಸುವ ಹಾಗಿಲ್ಲ, ಕಾಗದವೇ ಇಲ್ಲದವರ ನಿಯಮಕ್ಕೆ ಹೋಗಬೇಕು ಅಂತ ಕೋರ್ಟೇ ಹೇಳಿದೆ. ಅಂದರೆ ಇಷ್ಟೆಲ್ಲ ಓಡಾಡಿ ಮೊದಲಿನ ಜಾಗಕ್ಕೇ ಬಂದು ನಿಂತ ಹಾಗೆ.

ನಾನು ಬರೆದದ್ದು ಹೆಚ್ಚುಕಡಿಮೆ ಹೀಗಿದೆ: "ನನಗೆ ವಾಸಿಯಾಗದ ಕಾಯಿಲೆ ಬಂದು, ಚೇತರಿಕೆಯ ಭರವಸೆ ಇಲ್ಲ ಎಂದು ವೈದ್ಯಕೀಯ ಮಂಡಳಿಗಳು ಹೇಳಿದಾಗ, ಮತ್ತು ನನ್ನ ನಿರ್ಧಾರವನ್ನು ನಾನೇ ಹೇಳಲಾಗದ ಸ್ಥಿತಿಯಲ್ಲಿ ಇದ್ದಾಗ, ವೆಂಟಿಲೇಟರ್, ಡಯಾಲಿಸಿಸ್, ನಿಂತ ಹೃದಯವನ್ನು ಎದೆ ಒತ್ತಿ ನಡೆಸುವ ಪ್ರಯತ್ನ ಬೇಡ. ಶುರುವಾಗಿದ್ದರೆ ನಿಲ್ಲಿಸಿ. ನೋವು, ಉಸಿರಾಟದ ಕಷ್ಟ, ಆತಂಕ ಕಡಿಮೆ ಮಾಡುವ ಚಿಕಿತ್ಸೆಯನ್ನು ಕೊನೆಯವರೆಗೂ ಕೊಡಿ." ಮೂಗಿನ ನಳಿಕೆಯಿಂದ ಆಹಾರ ಕೊಡುವ ಬಗ್ಗೆ ಬೇರೆಯೇ ಸಾಲು ಬರೆದೆ, ಯಾಕೆಂದರೆ ಮನೆಗಳಲ್ಲಿ ಹೆಚ್ಚು ಜಗಳ ಆಗುವುದು ಇದರ ಮೇಲೆ. ಅನ್ನ ಕೊಡದೆ ಇರುವುದು ಹೇಗೆ ಅನ್ನುತ್ತಾರೆ. ನೀವು ಬೇಕು ಅನ್ನಿ, ಬೇಡ ಅನ್ನಿ, ಆದರೆ ಬಾಯಿಬಿಟ್ಟು ಹೇಳಿ.

ಇನ್ನೊಂದು ಭಯ ಅಮ್ಮನಿಗಿತ್ತು. ಈ ಕಾಗದ ಇದೆ ಅಂತ ಗೊತ್ತಾದರೆ ಜ್ವರ ಬಂದಾಗಲೂ ನೋಡದೆ ಬಿಟ್ಟುಬಿಡುತ್ತಾರಾ ಅಂತ. ಇಲ್ಲ. ಪ್ರಜ್ಞೆ ಇರುವವರೆಗೆ ನಿಮ್ಮ ಬಾಯಿಮಾತೇ ನಡೆಯುತ್ತದೆ. ಪ್ರಜ್ಞೆ ಹೋದರೂ ವಾಸಿಯಾಗುವ ಸಾಧ್ಯತೆ ಇದ್ದರೆ ಕಾಗದ ಹೊರಗೆ ಬರುವುದಿಲ್ಲ. ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಕನಿಷ್ಠ 5 ವರ್ಷ ಅನುಭವ ಇರುವ ಇಬ್ಬರು ತಜ್ಞರು ಇರುವ ಮೊದಲ ಮಂಡಳಿ ನೋಡಬೇಕು. ನಂತರ ಬೇರೆಯದೇ ತಜ್ಞರು ಮತ್ತು ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ವೈದ್ಯರು ಇರುವ ಎರಡನೇ ಮಂಡಳಿ ನೋಡಬೇಕು. ಎರಡೂ ಆದಷ್ಟೂ 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ನೀವು ಹೆಸರಿಸಿದವರ ಒಪ್ಪಿಗೆ ಬೇಕು. ಕಾರ್ಯರೂಪಕ್ಕೆ ತರುವ ಮೊದಲು ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ತಿಳಿಸಬೇಕು ಅಷ್ಟೇ, ಅನುಮತಿಗೆ ಕಾಯಬೇಕಿಲ್ಲ. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ಮತ್ತೆ, ಇಂಜೆಕ್ಷನ್ ಕೊಟ್ಟು ಸಾಯಿಸುವುದು ನಮ್ಮ ದೇಶದಲ್ಲಿ ಅಪರಾಧ. ಯಾವ ಕಾಗದದಲ್ಲಿ ಬರೆದರೂ ಅದಕ್ಕೆ ಬೆಲೆ ಇಲ್ಲ.

ಬುದ್ಧಿ ಸ್ಥಿಮಿತದಲ್ಲಿರಬೇಕು ಅನ್ನುವ ನಿಯಮ ಇರುವುದರಿಂದ, ಮರೆವಿನ ಕಾಯಿಲೆಯ ಸೂಚನೆ ಕಂಡ ಮನೆಗಳು ತಡ ಮಾಡಬಾರದು. ಆರು ತಿಂಗಳು ಬಿಟ್ಟು ನೋಡೋಣ ಅಂದರೆ ಆ ಆರು ತಿಂಗಳಲ್ಲೇ ಬಾಗಿಲು ಮುಚ್ಚಿಹೋಗಬಹುದು.

ಇದರ ಜೊತೆಗೆ ಗೊಂದಲವಾಗುವ ಬೇರೆ ಕಾಗದಗಳು

ಹೃದಯ ನಿಂತರೆ ಮತ್ತೆ ನಡೆಸುವ ಪ್ರಯತ್ನ ಬೇಡ ಅನ್ನುವ ಡಿಎನ್‌ಎಆರ್ ಅನ್ನು ಬರೆಯುವುದು ವೈದ್ಯರು, ರೋಗಿಯ ಅಥವಾ ಮನೆಯವರ ಜೊತೆ ಮಾತಾಡಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ. ಅದು ಆ ಒಂದು ಕ್ರಿಯೆಗೆ ಮಾತ್ರ ಅನ್ವಯ, ಉಳಿದ ಚಿಕಿತ್ಸೆ ನಡೆಯುತ್ತದೆ. ಮನೆಯಲ್ಲಿ ಕೂತು ಮಾಡಿಸಿಡುವ ಕಾಗದ ಅದಲ್ಲ.

ಮಾನಸಿಕ ಆರೋಗ್ಯದ ಮುಂಗಡ ನಿರ್ದೇಶನ ಪೂರ್ತಿ ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಬರುತ್ತದೆ. ಮಾನಸಿಕ ಕಾಯಿಲೆ ಜೋರಾಗಿ ನಿರ್ಧಾರ ತೆಗೆದುಕೊಳ್ಳಲಾಗದ ಹೊತ್ತಿನಲ್ಲಿ ಹೇಗೆ ನೋಡಿಕೊಳ್ಳಬೇಕು, ಯಾವ ಚಿಕಿತ್ಸೆ ಬೇಡ, ನಾಮನಿರ್ದೇಶಿತ ಪ್ರತಿನಿಧಿ ಯಾರು ಅಂತ ಮೊದಲೇ ಹೇಳಿಡಬಹುದು. ಮೊದಲು ಕಾಯಿಲೆ ಬಂದಿರಲಿ ಬಿಡಲಿ, ವಯಸ್ಕರು ಯಾರು ಬೇಕಾದರೂ ಬರೆಯಬಹುದು. ತುರ್ತು ಚಿಕಿತ್ಸೆಗೆ ಇದು ಅನ್ವಯಿಸುವುದಿಲ್ಲ. ಇದನ್ನು ಬರೆದವರು ಲಿವಿಂಗ್ ವಿಲ್ ಆಯಿತು ಅಂದುಕೊಳ್ಳಬಾರದು, ಲಿವಿಂಗ್ ವಿಲ್ ಬರೆದವರು ಇದಾಯಿತು ಅಂದುಕೊಳ್ಳಬಾರದು. ಮನೆಯಲ್ಲಿ ಈ ತೊಂದರೆ ಇರುವವರಿಗೆ ಎರಡೂ ಬೇಕು.

ಅಂಗದಾನಕ್ಕೆ 1994ರ ಕಾಯ್ದೆ ಇದೆ, ಅದರ ಪ್ರತಿಜ್ಞೆಗೂ ಇಬ್ಬರು ಸಾಕ್ಷಿ ಬೇಕು. ಆದರೆ ಅಲ್ಲಿ ಒಬ್ಬರಾದರೂ ಹತ್ತಿರದ ಸಂಬಂಧಿಯಾಗಿರಬೇಕು, ನೋಡಿ, ಇಲ್ಲಿಯದಕ್ಕೆ ತದ್ವಿರುದ್ಧ. ಕರ್ನಾಟಕದಲ್ಲಿ ಜೀವಸಾರ್ಥಕತೆ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಮೆದುಳು ಸತ್ತ ಮೇಲೆ ಅಂಗಗಳು ಕೆಡದಿರಲು ಸ್ವಲ್ಪ ಹೊತ್ತು ವೆಂಟಿಲೇಟರ್ ಬೇಕಾಗುತ್ತದೆ. ಆದ್ದರಿಂದ ದಾನದ ಆಸೆ ಇರುವವರು ಲಿವಿಂಗ್ ವಿಲ್‌ನಲ್ಲಿ "ಅಂಗದಾನಕ್ಕಾಗಿ ಬೇಕಾದಷ್ಟು ಹೊತ್ತು ಇಡಬಹುದು" ಅಂತ ಒಂದು ಸಾಲು ಸೇರಿಸಿ.

ಬರೆದ ಮೇಲೆ ಎಲ್ಲಿ ಇಡಬೇಕು

ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ. ವೈದ್ಯರು ಕಾಗದ ಅಸಲಿಯೋ ಅಂತ ಪರಿಶೀಲಿಸಬೇಕಾಗುತ್ತದೆ. ಅದಕ್ಕೆ ಕೋರ್ಟ್ ಎರಡು ದಾರಿ ಹೇಳಿದೆ: ನಿಮ್ಮ ಡಿಜಿಟಲ್ ಆರೋಗ್ಯ ದಾಖಲೆ, ಅಥವಾ ಇಂಥ ಕಾಗದಗಳನ್ನು ಕಾಪಾಡಿ ಇಡಲು ಸ್ಥಳೀಯ ಸಂಸ್ಥೆ ನೇಮಿಸಿದ ಅಧಿಕಾರಿಯ ಬಳಿ ಇರುವ ಪ್ರತಿ. ಹಾಗಾಗಿ ಒಂದು ಪ್ರತಿ ಪಂಚಾಯಿತಿಗೆ, ಪುರಸಭೆಗೆ ಅಥವಾ ಪಾಲಿಕೆಗೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಅಲ್ಲಿ ಯಾರಿಗೂ ಗೊತ್ತಿಲ್ಲ ಅಂದರೂ ಟಪಾಲು ವಿಭಾಗದಲ್ಲಿ ಕೊಟ್ಟು ನಂಬರ್ ತೆಗೆದುಕೊಳ್ಳಿ. ಹೆಸರಿಸಿದ ಇಬ್ಬರಿಗೂ, ಮನೆಯ ವೈದ್ಯರಿಗೂ ಒಂದೊಂದು ಪ್ರತಿ. ಫೋನಿನಲ್ಲಿ ಫೋಟೊ.

ಮನಸ್ಸು ಬದಲಾದರೆ ಬದಲಿಸಬಹುದು, ಆದರೆ ಬದಲಾವಣೆಗೂ ಅದೇ ಕ್ರಮ: ಬರಹ, ಇಬ್ಬರು ಸಾಕ್ಷಿ, ದೃಢೀಕರಣ. ಎರಡು ಕಾಗದ ಇದ್ದರೆ ಕೊನೆಗೆ ಸಹಿ ಮಾಡಿದ್ದು ನಡೆಯುತ್ತದೆ. ಹಳೆಯ ಪ್ರತಿ ಕೊಟ್ಟ ಕಡೆಗೆಲ್ಲ ಹೊಸದನ್ನೂ ತಪ್ಪದೆ ತಲುಪಿಸಿ, ಮೊದಲು ಪಂಚಾಯಿತಿಗೇ ಹೋಗಿ. ಆಸ್ಪತ್ರೆಯವರು ವಿಚಾರಿಸಿದಾಗ ಅವರ ಕೈಗೆ ಸಿಗುವುದು ಅಲ್ಲಿರುವ ಪ್ರತಿಯೇ.